ಟೋರ್ಸ್ಟೆನ್‌ಗೆ ಒಯ್ದ ಗಂಜಿ

ಉಮಿಯೋ ಊರಿನ ಬಸ್ ನಿಲ್ದಾಣದಲ್ಲಿ ಗುನ್ನೆಲ್ ಕುಳಿತಿದ್ದಳು. ವೃದ್ಧಾಶ್ರಮದ ನೀಲಿ ಸಮವಸ್ತ್ರ ತೊಟ್ಟ ಇಬ್ಬರು ಹೆಂಗಸರು ಬಂದು ಪಕ್ಕದಲ್ಲಿ ನಿಂತರು. ಹಿರಿಯಳು ಮೈಕೆನ್, ಕಿರಿಯಳು ಫ್ರೀಡಾ ಎಂಬುದು ಅವರ ಮಾತಿನಲ್ಲೇ ತಿಳಿಯಿತು.

"ಬೆಳಿಗ್ಗೆ ಗಂಜಿ ಹಿಡ್ಕೊಂಡು ಟೋರ್ಸ್ಟೆನ್ ಕೋಣೆಗೆ ಹೋದೆ ಕಣೇ. 'ಏಳಪ್ಪಾ ಟೋರ್ಸ್ಟೆನ್, ಇವತ್ತು ಜಾಮ್ ಜಾಸ್ತಿ ಹಾಕಿದೀನಿ' ಅಂದೆ. ನೋಡಿದ್ರೆ ಹಾಸಿಗೆ ಖಾಲಿ. ಅವನ ಮಗಳು ಅಂಗಿ ಮಡಚ್ತಾ ನಿಂತಿದ್ಲು."

"ಅಯ್ಯೋ ಮೈಕೆನ್. ಅವನು ರಾತ್ರಿನೇ ತೀರ್ಕೊಂಡಿದ್ದು ನಿನಗೆ ಗೊತ್ತಿರ್ಲಿಲ್ವಾ?"

"ಯಾರು ಹೇಳಿದ್ರು ನನಗೆ?"

"ಕೆಲಸದ ಗ್ರೂಪಲ್ಲಿ ಹಾಕಿದ್ರಲ್ಲ."

"ಹಾಕಿದ್ರು, ಕಾಫಿ ಮಷೀನ್ ಕೆಟ್ಟಿದೆ ಅನ್ನೋದರ ಕೆಳಗೆ. ನೀವೆಲ್ಲ ಆ ಸಾವಿನ ಸುದ್ದಿಗೆ ಹೆಬ್ಬೆರಳಿನ ಚಿತ್ರ ಬೇರೆ ಹಾಕಿದೀರ. ನಾನೇನು ಗಂಜಿ ಕಲಸ್ತಾ ಫೋನ್ ನೋಡ್ಲಾ?"

"ಮೇಲ್ವಿಚಾರಕಿ ಏನಂದ್ಲು?"

"ಮೆಸೇಜ್ ನೋಡೋದು ನಿನ್ನ ಜವಾಬ್ದಾರಿ ಅಂದ್ಲು. ಗಂಜಿ ಒಯ್ಯೋವಾಗ ಎದುರಿಗೇ ಸಿಕ್ಕಿದ್ಲು ಅವಳು. ಬಟ್ಟಲು ನೋಡಿದ್ಲು, ನಕ್ಕು ಮುಂದೆ ಹೋದ್ಲು. ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು?"

ಗುನ್ನೆಲ್ ಬಸ್ಸಿನ ವೇಳಾಪಟ್ಟಿ ಓದುವವಳಂತೆ ನಟಿಸುತ್ತಿದ್ದಳು. ಕಿವಿ ಮಾತ್ರ ಅವರ ಮಾತಿನ ಮೇಲಿತ್ತು.

"ಮಗಳು ಏನಾದ್ರೂ ಅಂದ್ಲಾ?"

"ಅಂಗಿ ಮುಖಕ್ಕೆ ಒತ್ಕೊಂಡು ಅತ್ಲು. ಇಷ್ಟು ವರ್ಷ ಅವರಪ್ಪನಿಗೆ ಉಣಿಸಿದವಳು ನಾನು. ಗೇಲಿ ಮಾಡೋಕೆ ಬಂದವಳ ಹಾಗೆ ನಿಂತಿದ್ದೆ."

"ಅವಳ ನಂಬರ್ ನನ್ನ ಹತ್ರ ಇದೆ. ತಪ್ಪಾಯ್ತು ಅಂತ ಒಂದು ಮೆಸೇಜ್ ಹಾಕ್ಬಿಡು."

ಮೈಕೆನ್ ಅವಳನ್ನೇ ದಿಟ್ಟಿಸಿದಳು. ಅಷ್ಟರಲ್ಲಿ ಬಸ್ ಬಂತು.

"ಅವಳ ಮನೆ ಈ ದಾರೀಲೇ ಇದೆ. ಎದುರಿಗೆ ನಿಂತು ಹೇಳ್ತೀನಿ," ಎಂದು ಅವಳು ಹತ್ತಿದಳು.

ಫ್ರೀಡಾ ಫೋನ್ ಜೇಬಿಗೆ ಹಾಕಿಕೊಂಡಳು. ಬಾಗಿಲು ಮುಚ್ಚುವಷ್ಟರಲ್ಲಿ, "ತಾಳು, ನಾನೂ ಬರ್ತೀನಿ," ಎನ್ನುತ್ತ ಹಿಂದೆಯೇ ಹತ್ತಿಕೊಂಡಳು.