ಓಡೋದು ನಾನೇ

ಅಯ್ಯೋ, ಕೂತ್ಕೋ ಇಂದಾಯ್, ಏಳಬೇಡ. ನಾನು ಬಾಯಿ ಬಿಟ್ಟ ಕೂಡಲೆ ಕಾಫಿ ತರ್ತೀನಿ, ನೀರು ತರ್ತೀನಿ ಅಂತ ಎದ್ದುಬಿಡ್ತೀಯ. ಹಡಗು ಸೆಬು ಮುಟ್ಟೋವರೆಗೆ ನಿನಗೂ ಕೆಲಸ ಇಲ್ಲ, ನನಗೂ ಇಲ್ಲ. ನಿನ್ನ ಗಂಡ ಕೆಳಗಡೆ ಸೈಕಲ್ ಕಾಯ್ತಾ ನಿಂತಿದಾನೆ. ಒಳ್ಳೇದೇ ಆಯ್ತು. ಅತ್ತೆ ಸೊಸೆ ಇಬ್ಬರೇ ಮಾತಾಡೋಣ.

ನೇರವಾಗಿ ಕೇಳ್ತೀನಿ. ಮೆರಿಫೆನ ಯಾಕೆ ಕರ್ಕೊಂಡು ಬಂದ್ರಿ?

ಸಾಮಾನು ನೋಡ್ಕೊಳ್ಳೋಕೆ ಅನ್ನಬೇಡ. ಆ ಪಾಠ ರೋಯೆಲ್ ಆಗಲೇ ಒಪ್ಪಿಸಿದಾನೆ. ಸಾಮಾನು ನೋಡ್ಕೊಳ್ಳೋಳಿಗೆ ಓಡೋ ಬೂಟು ಯಾಕೆ ಬೇಕು? ಹೌದು, ಅವಳ ಚೀಲ ಬಿಚ್ಚಿದೆ. ನನ್ನ ತಂಗಿ ಮೊಮ್ಮಗಳು, ಅವಳ ಚೀಲ ನಾನು ಬಿಚ್ಚದೆ ಇನ್ಯಾರು ಬಿಚ್ಚಬೇಕು? ಅನ್ನದ ಪೊಟ್ಟಣ ಹುಡುಕೋಕೆ ಅಂತ ಕೈ ಹಾಕಿದ್ರೆ, ಗಮ್ ಅಂತ ಹೊಸ ರಬ್ಬರಿನ ವಾಸನೆ. ಕಾಲೇಜಲ್ಲಿ ಓಡಿ ಪದಕ ತಂದ ಹುಡುಗಿ... ಸಾಮಾನು ಕಾಯೋಕೆ ಬಂದಿದಾಳಂತೆ, ಪಾಪ.

ನಾಳೆಯ ಪಂದ್ಯ ಮೂರು ಜನರ ಆಟ ಕಣೇ. ಸಮುದ್ರದಲ್ಲಿ ನೀನು ಈಜ್ತೀಯ. ನಿನ್ನ ಕಾಲಲ್ಲಿರೋ, ಹೊತ್ತು ಅಳೆಯೋ ಪಟ್ಟಿ ಬಿಚ್ಚಿ ರೋಯೆಲ್ ಕಟ್ಕೊಂಡು ಸೈಕಲ್ ಹತ್ತುತಾನೆ. ಅವನು ವಾಪಸ್ ಬಂದಾಗ ನಾನು ಬಗ್ಗಿ, ಅವನ ಕಾಲಿಂದ ಬಿಚ್ಚಿ, ನನ್ನ ಕಾಲಿಗೆ ಕಟ್ಕೊಂಡು ಓಡ್ತೀನಿ. ಮೂರು ಕಾಲು, ಒಂದು ಪಟ್ಟಿ. ಪಟ್ಟಿ ಬದಲಾಯಿಸೋ ಬೇಲಿಯೊಳಗೆ ನಾಲ್ಕನೆಯವರನ್ನ ಬಿಡೋದೇ ಇಲ್ಲ. ಮೆರಿಫೆ ಒಳಗೆ ಬರಬೇಕು ಅಂದ್ರೆ ಯಾರೋ ಒಬ್ಬರು ಹೊರಗೆ ಹೋಗಬೇಕು. ಸಂಜೆಯೊಳಗೆ ಹೆಸರು ಬದಲಾಯಿಸಬಹುದು ಅನ್ನೋದು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?

ಯಾಕೆ ನಗ್ತೀಯ? ಭುಜ ಕುಣೀತಿದೆ, ಕಾಣಲ್ವಾ ನನಗೆ? ನಗು, ನಗು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀನು ಹೆಗಲು ಕುಣಿಸ್ತಿದ್ದೀಯ, ಅಷ್ಟೇ ವ್ಯತ್ಯಾಸ.

ಇದೇನು ಇವತ್ತಿಂದಲ್ಲ. ಒಂದು ತಿಂಗಳಿಂದ ನೋಡ್ತಾ ಇದೀನಿ. ನಾನು ಅಡಿಗೆಮನೆಗೆ ಬಂದ್ರೆ ಗಂಡ ಹೆಂಡತಿ ಮಾತು ನಿಲ್ಲುತ್ತೆ. ಮೀನು ಸಂತೆಗೆ ಒಬ್ಬಳೇ ಹೋಗಬೇಡಮ್ಮ ಅಂತಾನೆ ಇವನು. ಮೂವತ್ತು ವರ್ಷ ಆ ಸಂತೆಯಲ್ಲಿ ಕೂತು ಒಣಮೀನು ಮಾರಿದವಳು ನಾನು! ಹಡಗಿನ ಮೆಟ್ಟಿಲು ಹತ್ತುವಾಗ ನೀನು ಬಂದು ಮೊಣಕೈ ಹಿಡ್ಕೋತೀಯ, ನಾನೇನು ಹೊಸ ಮದುಮಗಳಾ? ಆಮೇಲೆ ತಂಡದ ಈ ಅಂಗಿ. ಪ್ರತಿ ವರ್ಷ ನೀಲಿ ಹಾಕ್ತಿದ್ವಿ, ಎಷ್ಟು ಗಂಭೀರವಾಗಿರ್ತಿತ್ತು. ಈ ಸಲ ಕಿತ್ತಳೆ, ಅದೂ ಕಣ್ಣು ಕುಕ್ಕೋ ಅಂಥದ್ದು. ಯಾರ ಆಯ್ಕೆ? ಸೈಕಲ್ಲಿಗೆ ಗಂಟೆ ಬೇರೆ. ಪಂದ್ಯದ ಸೈಕಲ್ಲಿಗೆ ಯಾರಾದ್ರೂ ಗಂಟೆ ಕಟ್ತಾರಾ? ದನಕ್ಕೆ ಕಟ್ತಾರೆ, ಎಲ್ಲಿದೆ ಅಂತ ಗೊತ್ತಾಗಲಿ ಅಂತ. ಯಾರಿಗೆ ಗೊತ್ತಾಗಬೇಕು ಇವನು ಎಲ್ಲಿದಾನೆ ಅಂತ?

ಮಾತಾಡು.

ಬೇಡ ಬಿಡು. ಅದೆಲ್ಲ ಹೋದ ತಿಂಗಳ ಆ ಭಾನುವಾರದ್ದು ತಾನೇ? ಚರ್ಚಿನ ಮುಂದೆ ಅಭ್ಯಾಸ ಮಾಡುವಾಗ ಆಗಿದ್ದು? ಸೈಕಲ್‌ಗಳೆಲ್ಲ ಒಟ್ಟಿಗೆ ಬಂದವು, ನಾನು ಓಡಿಹೋಗಿ ಬಗ್ಗಿದೆ, ಪಟ್ಟಿಗೆ ಕೈ ಹಾಕಿದೆ... ಬೇಕರಿ ನೆಸ್ಟರನ ಕಾಲು. "ಆಂಟಿ, ನಾನು ನಿಮ್ಮ ಮಗ ಅಲ್ಲ" ಅಂದ. ಊರೆಲ್ಲ ನಕ್ಕಿತು. ನಾನೂ ನಕ್ಕೆ. ತಮಾಷೆಗೆ ಮಾಡಿದ್ದು ಅಂದೆ. ತಮಾಷೆನೇ ಅದು. ಅಷ್ಟು ಜನರಲ್ಲಿ ನಿನ್ನ ನಗು ಮಾತ್ರ ಕೇಳಿಸಲಿಲ್ಲ. ಆವತ್ತೇ ನನಗೆ ಅನುಮಾನ ಬಂತು, ಇವಳು ಏನೋ ಲೆಕ್ಕ ಹಾಕ್ತಿದಾಳೆ ಅಂತ.

ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಳ್ಳುತ್ತಂತೆ. ನೀವಿಬ್ಬರೂ ಅದೇ ಜಾತಿ. ವಯಸ್ಸಾಯ್ತು, ಮನೇಲಿರಿ ಅಂತ ಮುಖಕ್ಕೆ ಹೇಳಿದ್ರೆ ಎರಡು ಬೈದು ಸುಮ್ಮನಾಗ್ತಿದ್ದೆ. ಈ ಕಳ್ಳಾಟ ಯಾಕೆ?

ನಿನಗೆ ಗೊತ್ತಿಲ್ಲ ಇಂದಾಯ್. ಆ ರಸ್ತೆಯಲ್ಲಿ ಓಡುವಾಗ ನಾನು ಯಾರ ಅಮ್ಮನೂ ಅಲ್ಲ, ಯಾರ ಅತ್ತೆನೂ ಅಲ್ಲ. ಗೊತ್ತಿಲ್ಲದ ಮಕ್ಕಳು ನನ್ನ ನಂಬರ್ ಕೂಗಿ ತಲೆ ಮೇಲೆ ನೀರು ಹೊಯ್ತಾರೆ. ಅಷ್ಟು ವರ್ಷ ಕೂತು ಕೂತು ಮರಗಟ್ಟಿದ ಕಾಲು ಇದು. ಐವತ್ತು ದಾಟಿದ ಮೇಲೆ ಓಡೋಕೆ ಕಲಿತಿದೆ. ಅದನ್ನ ಕಿತ್ಕೋಬೇಡಿ. ಬೇರೆ ಏನು ಬೇಕಾದ್ರೂ ತಗೊಳ್ಳಿ.

ಮತ್ತೆ ಭುಜ ಕುಣೀತಿದೆ ನೋಡು. ಇದರಲ್ಲಿ ನಗೋ ಅಂಥದ್ದು ಏನಿದೆ?

ಸರಿ, ನಿನ್ನ ಗಂಡನ್ನೇ ಕೇಳ್ತೀನಿ. ಮೇಲೆ ಬಂದಿದಾನಲ್ಲ, ಅಗೋ, ಕಂಬಿ ಹತ್ರ ನಿಂತಿದಾನೆ. ರೋಯೆಲ್! ಬಾ ಇಲ್ಲಿ. ರೋಯೆಲ್, ನಿನಗೇ ಕಣೋ... ಅಮ್ಮ ಕರೆದ್ರೆ ತಿರುಗೋದಕ್ಕೂ ಆಗಲ್ಲ ಇವನಿಗೆ. ಬಿಡು ನನ್ನ ಕೈ. ಯಾಕೆ ಹಿಡ್ಕೊಂಡೆ? ಎಲ್ಲಿಗೆ ಎಳೀತಿದ್ದೀಯ? ನಾನೇ ಹೋಗಿ ಎರಡು ಬಿಡ್ತೀನಿ ಅವನಿಗೆ...

ಇದೇನಿದು? ಕಂಬಿಗೆ ತೂಗುಹಾಕಿರೋ ಲೈಫ್ ಜಾಕೆಟ್ಟು.

ಕಿತ್ತಳೆ ಬಣ್ಣ ಇತ್ತು... ಗಾಳಿಗೆ ಅಲ್ಲಾಡ್ತಿತ್ತು. ಬಿಸಿಲು ಬೇರೆ. ಈ ಬಿಸಿಲಲ್ಲಿ ಯಾರಾದ್ರೂ ಮೋಸ ಹೋಗ್ತಾರೆ. ಹೌದು ತಾನೇ? ಹೌದು ಅನ್ನು.

ಅನ್ನಲ್ವಾ?

ನಡುವೆ ಮಾತ್ರ ಕಣೇ. ನೇರ ನೋಡಿದ್ರೆ ನಡುವೆ ಒಂದು ಮಸಿ ಹಚ್ಚಿದ ಹಾಗೆ. ಸುತ್ತ ಎಲ್ಲ ಕಾಣುತ್ತೆ. ರಸ್ತೆ ಕಾಣುತ್ತೆ, ಓಡೋಕೆ ಏನೂ ತೊಂದರೆ ಇಲ್ಲ. ತಂಗಿ ಮನೆಗೆ ಅಂತ ಹೇಳಿ ಡಾಕ್ಟರ ಹತ್ರ ಹೋಗಿದ್ದೆ. ಇದು ಹೋಗೋ ಕಾಯಿಲೆ ಅಲ್ಲ ಅಂದ್ರು. ರೋಯೆಲ್‌ಗೆ ಹೇಳಬೇಡ. ನಿನ್ನ ಕಾಲು ಹಿಡಿದು ಕೇಳ್ತೀನಿ, ಹೇಳಬೇಡ...

ಅವನಿಗೂ ಗೊತ್ತಾ? ಹಾಗಾದ್ರೆ ಎಲ್ಲರಿಗೂ ಗೊತ್ತು. ಈ ಕಿತ್ತಳೆ, ಆ ಗಂಟೆ, ನನ್ನ ಪಕ್ಕದಲ್ಲಿ ಓಡೋಕೆ ಮೆರಿಫೆ... ನನ್ನನ್ನ ಬಿಟ್ಟು ಓಡಬೇಕು ಅಂತಲ್ಲ, ನಾನು ಓಡಲಿ ಅಂತ ನೀವು...

ಮಗಳೇ, ಬಾ, ಹತ್ತಿರ ಬಾ, ಮುಖ ಕೊಡು ಇಲ್ಲಿ.

ಕೆನ್ನೆ ಎಲ್ಲ ಒದ್ದೆ.

ನಗ್ತಿದ್ದೀಯ ಅಂದ್ಕೊಂಡಿದ್ದೆ. ಎಷ್ಟು ಹೊತ್ತಿಂದ ಅಳ್ತಾ ಇದೀಯ ನೀನು?