ಅಲ್ಜೀರಿಯಾಕ್ಕೆ ಹೂಂ ಅನ್ನುವ ಮೊದಲು

ಶಹಾಪುರ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಮ್ಮೂರ ಗೌಂಡಿ ಅಂಬ್ರಪ್ಪ ಮತ್ತು ಅವನ ಹೆಂಡತಿ ಶೇಖಮ್ಮ ಕುಳಿತಿದ್ದರು. ಎರಡು ವರ್ಷ ಅಲ್ಜೀರಿಯಾದಲ್ಲಿ ಮನೆ ಕಟ್ಟುವ ಕೆಲಸದ ಕಾಗದ ಅವನ ಕೈಯಲ್ಲಿತ್ತು. ಅವಳು ಹೂಂ ಎಂದರೆ ಸಹಿ.

“ಎಲ್ಲಿ ಬರ್ತದ್ರಿ ಅದು?” ಶೇಖಮ್ಮ ಗಂಡನನ್ನು ಕೇಳಿದಳು.

“ಆಫ್ರಿಕಾದ ಮ್ಯಾಲಿನ ತುದಿಗಿ. ಮುಂದ ಸಮುದ್ರ, ಹಿಂದ ಬರೇ ಉಸುಕು.”

“ಮಂದಿ?”

“ನಾಕೂವರಿ ಕೋಟಿ ಮ್ಯಾಲ. ಅರಬ್ಬಿ ಮಾತಾಡ್ತಾರ.”

“ಅಲ್ಲೀನೂ ಬ್ರಿಟಿಷರ ಇದ್ರೇನು?”

“ಫ್ರೆಂಚರು. ನೂರಾ ಮೂವತ್ತೆರಡು ವರ್ಷ ಆಳಿ ಅರವತ್ತೆರಡರಾಗ ಬಿಟ್ಟುಹೋದ್ರು.”

“ನಮಗಿಂತ ಹದಿನಾಕು ವರ್ಷ ತಡ.”

“ಹದಿನೈದಲ್ಲೇನು?”

“ನಲವತ್ತೇಳರಾಗ ನಮ್ಮಜ್ಜ ಇನ್ನಾ ನಿಜಾಮನ ಕೈಯಾಗ ಇದ್ದ. ನಲವತ್ತೆಂಟು ಹಿಡೀರಿ.”

ಅಂಬ್ರಪ್ಪ ನಕ್ಕ. ಅವಳು ನಗಲಿಲ್ಲ.

“ಸಮುದ್ರದ ಮಗ್ಗಲಾಗ ಗ್ವಾಡಿ ಕಟ್ಟತೀರೇನು?”

“ಹೌದು, ಅಲ್ಜೀರ್ಸ್‌ನಾಗ. ರಾಜಧಾನಿ ಅದು. ಎಲ್ಲಾ ಮನಿ ಸುಣ್ಣ ಹೊಡದಂಗ ಬೆಳ್ಳಗ, ಗುಡ್ಡದಿಂದ ನೀರಿನತನ ಇಳದಾವಂತ.”

ಶೇಖಮ್ಮ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತಳು.

“ನಾ ಸಮುದ್ರ ನೋಡಿಲ್ಲ.”

“ನಾನೂ ನೋಡಿಲ್ಲ.”

ಸುರಪುರದ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡಳು.

“ಸಹಿ ಹಾಕ್ರಿ. ಫೋಟೋ ಮಾತ್ರ ಕಳಸಬ್ಯಾಡ್ರಿ. ಅದು ಹೆಂಗಿತ್ತಂತ ಹೊಳ್ಳಿ ಬಂದು ಬಾಯಿಲೆ ಹೇಳ್ರಿ.”

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಅವಳ ಹಿಂದೆ ಬಸ್ಸು ಹತ್ತಿದ.