ಜಂಬವ್ವ ಹೇಳದ ಹೆಸರು

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊಸ ಕಂಪ್ಯೂಟರ್ ಬಂದ ಮೇಲೆ, ಊರೂರು ತಿರುಗಿ ರೆಕಾರ್ಡ್ ಮಾಡಿಟ್ಟ ಜನಪದ ಹಾಡುಗಳೂ ಹೆಸರು ಕೊಟ್ಟರೆ ಸಿಗುತ್ತಿದ್ದವು. ಸಾಲಿನಲ್ಲಿ ವಿದ್ಯಾರ್ಥಿನಿ ಕಾವ್ಯಳ ಮುಂದೆ ಸಂಡೂರು ಕಡೆಯ ಮುದುಕಿ ಜಂಬವ್ವ ನಿಂತಿದ್ದಳು.

“ಹಾಡಿದವರ ಹೆಸರೇನವ್ವ?” ಗುಮಾಸ್ತ ಮನೋಹರ ಕೇಳಿದ.

“ನಮ್ಮ ಮನಿಯವರಪ್ಪ.”

“ಹೆಸರು ಹೇಳ್ರಿ. ಇಲ್ಲಾಂದ್ರ ಇದು ಹುಡುಕಂಗಿಲ್ಲ.”

“ಗಂಡನ ಹೆಸರು ಹೆಂಗ ಹೇಳ್ಲಿ? ಹೇಳಿದ್ರ ಅವರ ಆಯುಷ್ಯ ಕಮ್ಮಿ ಆಗತೈತಿ.”

ಕಾವ್ಯಳಿಗೆ ನಗು ಬಂತು.

“ಅವರನ್ನೇ ಕರ್ಕೊಂಡು ಬರಬೇಕಿತ್ತವ್ವ,” ಎಂದ ಮನೋಹರ.

“ದೀಪಾವಳಿ ಮುಂದ ಮೈನಿಂಗ್ ಲಾರಿ ಹಾಯ್ದು ಹೋದ್ರಪ್ಪ.”

ಕಾವ್ಯಳ ನಗು ಅಲ್ಲೇ ಸತ್ತಿತು.

“ಮಕ್ಕಳನ್ನ ಸಾಲಿಗೆ ಹಾಕುವಾಗ್ಲೂ ಬ್ಯಾರೇರ ಬಾಯಿಂದ ಹೇಳಿಸೀನಿ. ಒಮ್ಮೆನೂ ನನ್ನ ಬಾಯಿಲೆ ಅಂದಿಲ್ಲ. ಏನು ಉಪಯೋಗ ಆತು?”

ಮನೋಹರ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಬೆರಳಿಟ್ಟ. ಜಂಬವ್ವ ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ ಹೇಳಿದಳು.

“ಎರ್ರಿಯಪ್ಪ.”

ಕೀಲಿಗಳ ಸದ್ದಾಯಿತು.

“ಸಿಕ್ತವ್ವ, ಹಾಡು ಐತಿ. ಬರ್ರಿ, ಒಳಗ ಕುಂತು ಕೇಳೀರಂತ.”

“ಇನ್ನೊಮ್ಮೆ ಹೇಳ್ಲೇನು?”

“ಬ್ಯಾಡವ್ವ, ಸಿಕ್ಕೈತಿ.”

ಆದರೂ ಅವನ ಹಿಂದೆ ಒಳಕೋಣೆಗೆ ನಡೆಯುತ್ತ ಜಂಬವ್ವ ಹೇಳುತ್ತಲೇ ಹೋದಳು. ಎರ್ರಿಯಪ್ಪ. ಎರ್ರಿಯಪ್ಪ.